ತಾಯಂದಿರ ನಾಡಿಗೂ ಒಂದು ಚರಿತ್ರೆ

ವೇಲ್ಸ್ ಜನರ ರಾಷ್ಟ್ರಗೀತೆ ಹುಟ್ಟಿದ್ದು 1856ರಲ್ಲಿ. ಪೊಂಟಿಪ್ರಿದ್ ಎಂಬ ಊರಿನ ತಂದೆ-ಮಗ ಸೇರಿ ಕಟ್ಟಿದ ಆ ಹಾಡಿನ ಹೆಸರನ್ನು ಕನ್ನಡಕ್ಕೆ ತಂದರೆ ‘ನನ್ನ ತಂದೆಯರ ಹಳೆಯ ನಾಡು’ ಎಂದಾಗುತ್ತದೆ. ರಗ್ಬಿ ಪಂದ್ಯ ಶುರುವಾಗುವ ಮುನ್ನ ಸಾವಿರಾರು ಮಂದಿ ಎದ್ದು ನಿಂತು ಇದನ್ನು ಒಕ್ಕೊರಲಿನಿಂದ ಹಾಡುತ್ತಾರೆ. 1991ರಲ್ಲಿ ಹೊರಬಂದ ಒಂದು ಪುಸ್ತಕ ಈ ಹೆಸರನ್ನೇ ಕೊಂಚ ತಿರುಗಿಸಿ ‘ಅವರ್ ಮದರ್ಸ್ ಲ್ಯಾಂಡ್’, ಅಂದರೆ ‘ನಮ್ಮ ತಾಯಂದಿರ ನಾಡು’ ಎಂಬ ಹೆಸರಿಟ್ಟುಕೊಂಡಿತು. 1830ರಿಂದ 1939ರವರೆಗಿನ ವೇಲ್ಸ್ ಮಹಿಳೆಯರ ಬದುಕನ್ನು ಕುರಿತ ಲೇಖನಗಳ ಸಂಗ್ರಹ ಅದು. ಸಂಪಾದಕಿ ಏಂಜೆಲಾ ವಿ. ಜಾನ್.

ತಂದೆಯರ ನಾಡಿನಲ್ಲಿ ತಾಯಂದಿರು ಎಲ್ಲಿದ್ದರು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಪುಸ್ತಕ ಬರೆದವರು ಜಾನ್. ವೇಲ್ಸ್‌ನ ಉಕ್ಕಿನ ಕಾರ್ಖಾನೆಯ ಊರಾದ ಪೋರ್ಟ್ ಟಾಲ್ಬಟ್‌ನಲ್ಲಿ ಬೆಳೆದ ಅವರು ಲಂಡನ್ನಿನ ಗ್ರೀನಿಚ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕಿಯಾಗಿದ್ದರು. ಮಹಿಳೆಯರ ಜೀವನಚರಿತ್ರೆಗಳು ಅವರಿಗೆ ಹೆಸರು ತಂದವು. ಒಬ್ಬ ಇತಿಹಾಸಕಾರರು ಯಾರ ಕಥೆ ಬರೆಯುತ್ತಾರೆ, ಅದಕ್ಕೆ ಬೇಕಾದ ಸಾಮಗ್ರಿ ಎಲ್ಲಿಂದ ಬರುತ್ತದೆ, ಸಾಮಗ್ರಿಯೇ ಇಲ್ಲದವರ ಗತಿಯೇನು ಎಂಬುದನ್ನು ತಿಳಿಯಲು ಅವರ ಪುಸ್ತಕಗಳ ಸಾಲು ಒಳ್ಳೆಯ ಉದಾಹರಣೆ.

ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ವೇಲ್ಸ್‌ನ ಜನಸಂಖ್ಯೆ ಸುಮಾರು 31 ಲಕ್ಷ. ಅದಕ್ಕೆ ತನ್ನದೇ ಭಾಷೆ, ತನ್ನದೇ ಸಾಹಿತ್ಯ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಕಲ್ಲಿದ್ದಲು ಮತ್ತು ಕಬ್ಬಿಣ ಲೋಕದ ನಾನಾ ಭಾಗಗಳಿಗೆ ಹೋಗುತ್ತಿತ್ತು. ಹೀಗಾಗಿ ವೇಲ್ಸ್ ಚರಿತ್ರೆ ಎಂದರೆ ಗಣಿ ಕಾರ್ಮಿಕರು, ಕಾರ್ಮಿಕ ಸಂಘಗಳು, ಚರ್ಚಿನ ಬೋಧಕರು, ರಗ್ಬಿ ಆಟಗಾರರು ಎಂಬ ಚಿತ್ರ ಬೇರೂರಿತು. ಎಲ್ಲರೂ ಗಂಡಸರು. ಹೆಂಗಸಿಗೆ ಆ ಚಿತ್ರದಲ್ಲಿದ್ದದ್ದು ‘ಮ್ಯಾಮ್’ ಎಂಬ ಒಂದೇ ಪಾತ್ರ. ಗಣಿಯಿಂದ ಮಸಿ ಮೆತ್ತಿಕೊಂಡು ಬಂದ ಗಂಡನಿಗೂ ಮಕ್ಕಳಿಗೂ ಸ್ನಾನದ ನೀರು ಕಾಯಿಸಿ, ಮನೆ ಒಪ್ಪವಾಗಿಡುವ ತಾಯಿ ಆಕೆ.

ಹೆಂಗಸರ ಹೆಸರು ಸಾರ್ವಜನಿಕ ಚರ್ಚೆಗೆ ಬಂದಾಗಲೂ ಕೆಟ್ಟ ರೀತಿಯಲ್ಲೇ ಬಂದದ್ದುಂಟು. 1847ರಲ್ಲಿ ವೇಲ್ಸ್‌ನ ಶಿಕ್ಷಣ ಸ್ಥಿತಿ ಕುರಿತು ಸರ್ಕಾರಿ ವರದಿಯೊಂದು ಪ್ರಕಟವಾಯಿತು. ವೆಲ್ಷ್ ಭಾಷೆ ಬಾರದ ಮೂವರು ಇಂಗ್ಲಿಷ್ ಅಧಿಕಾರಿಗಳು ಸಿದ್ಧಪಡಿಸಿದ ಆ ವರದಿ, ವೇಲ್ಸ್ ಹೆಂಗಸರ ಶೀಲವನ್ನೇ ಹೀಯಾಳಿಸಿತು. ‘ನೀಲಿ ಪುಸ್ತಕಗಳ ದ್ರೋಹ’ ಎಂದು ಅಲ್ಲಿನ ಜನ ಇಂದಿಗೂ ಅದನ್ನು ನೆನೆಯುತ್ತಾರೆ. ಇದಕ್ಕೆ ಉತ್ತರವೆಂಬಂತೆ 1850ರಲ್ಲಿ ‘ಅ ಗಮ್ರೈಸ್’ ಎಂಬ ಮಹಿಳಾ ಪತ್ರಿಕೆ ಹುಟ್ಟಿತು. ಅದರ ಸಂಪಾದಕರೂ ಒಬ್ಬ ಗಂಡಸೇ. ಹೆಂಗಸರ ಮೇಲೆ ಆರೋಪ ಹೊರಿಸಿದವರೂ ಅವರ ಪರ ವಕಾಲತ್ತು ವಹಿಸಿದವರೂ ಗಂಡಸರಾದರೆ, ಹೆಂಗಸಿನ ಸ್ವಂತ ಮಾತು ಎಲ್ಲಿ ಸಿಗಬೇಕು?

ಗಣಿಬಾಯಿಯ ಹೆಂಗಸರು

ಜಾನ್ ಅವರು ಮೊದಲು ಕೈಹಾಕಿದ್ದು ಅತ್ಯಂತ ಕಷ್ಟದ ಕೆಲಸಕ್ಕೆ. 1980ರಲ್ಲಿ ಬಂದ ‘ಬೈ ದ ಸ್ವೆಟ್ ಆಫ್ ದೇರ್ ಬ್ರೋ’ ಎಂಬ ಪುಸ್ತಕ ವಿಕ್ಟೋರಿಯಾ ರಾಣಿಯ ಕಾಲದ ಕಲ್ಲಿದ್ದಲು ಗಣಿಗಳಲ್ಲಿ ದುಡಿದ ಹೆಂಗಸರನ್ನು ಕುರಿತದ್ದು. 1842ರ ಕಾಯಿದೆ ಹೆಂಗಸರು, ಹುಡುಗಿಯರು ಹಾಗೂ ಹತ್ತು ವರ್ಷದೊಳಗಿನ ಹುಡುಗರು ನೆಲದಡಿಯಲ್ಲಿ ದುಡಿಯುವುದನ್ನು ನಿಷೇಧಿಸಿತು. ಬೆಳಕಿಲ್ಲದ ಸುರಂಗದಲ್ಲಿ ಸೊಂಟಕ್ಕೆ ಸರಪಳಿ ಕಟ್ಟಿಕೊಂಡು ಕಲ್ಲಿದ್ದಲು ಎಳೆಯುವ ಮಕ್ಕಳು, ಹೆಂಗಸರ ಚಿತ್ರಗಳನ್ನು ವರದಿಯಲ್ಲಿ ಕಂಡು ದೇಶವೇ ಬೆಚ್ಚಿಬಿದ್ದಿತ್ತು. ಶಾಲಾ ಪುಸ್ತಕಗಳಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ.

ಹೆಂಗಸರ ಹೊಟ್ಟೆಪಾಡು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಗಣಿಯೊಳಗಿನಿಂದ ಹೊರಬಿದ್ದವರು ಗಣಿಬಾಯಿಯ ಬಳಿ ಕೆಲಸ ಹಿಡಿದರು. ಮೇಲೆ ಬಂದ ಕಲ್ಲಿದ್ದಲಿನಿಂದ ಕಲ್ಲು ಆರಿಸುವುದು, ತುಂಬಿದ ತೊಟ್ಟಿಗಳನ್ನು ತಳ್ಳುವುದು, ಬಂಡಿಗೆ ಹೇರುವುದು ಅವರ ಪಾಲಿಗೆ ಬಂತು. ಇಂಗ್ಲೆಂಡಿನ ವಿಗನ್ ಊರಿನ ಸುತ್ತ ಇಂಥವರು ದೊಡ್ಡ ಸಂಖ್ಯೆಯಲ್ಲಿದ್ದರು. ಕೆಲಸಕ್ಕೆ ಅನುಕೂಲವೆಂದು ಅವರು ಷರಾಯಿ ತೊಡುತ್ತಿದ್ದುದು ಆ ಕಾಲದ ಸಭ್ಯ ಸಮಾಜಕ್ಕೆ ದೊಡ್ಡ ಸುದ್ದಿ. ಸ್ಟುಡಿಯೋದವರು ಅವರ ಫೋಟೋ ತೆಗೆದು ಕಾರ್ಡುಗಳಾಗಿ ಮಾರುತ್ತಿದ್ದರು.

1880ರ ದಶಕದಲ್ಲಿ ಈ ಕೆಲಸದಿಂದಲೂ ಹೆಂಗಸರನ್ನು ಹೊರಹಾಕಬೇಕೆಂಬ ಒತ್ತಾಯ ಬಂತು. ಇದು ಹೆಣ್ಣಿಗೆ ತಕ್ಕ ಕೆಲಸವಲ್ಲ ಎಂದರು ಕೆಲವರು. ಹೆಂಗಸರು ಕಡಿಮೆ ಕೂಲಿಗೆ ದುಡಿದರೆ ಗಂಡಸರ ಕೂಲಿ ಕುಸಿಯುತ್ತದೆ ಎಂಬುದು ಕಾರ್ಮಿಕ ಸಂಘದ ಕೆಲವರ ಆತಂಕ. 1887ರಲ್ಲಿ ಗಣಿಬಾಯಿಯ ಹೆಂಗಸರೇ ಲಂಡನ್ನಿಗೆ ನಿಯೋಗ ಹೋಗಿ ಗೃಹಮಂತ್ರಿಯನ್ನು ಕಂಡರು. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯರು ಅವರ ಬೆಂಬಲಕ್ಕೆ ನಿಂತರು. ನಿಷೇಧ ಬರಲಿಲ್ಲ. 1911ರಲ್ಲಿ ಮತ್ತೆ ಪ್ರಯತ್ನ ನಡೆದಾಗಲೂ ಅದು ಕೈಗೂಡಲಿಲ್ಲ.

ಈ ಹೆಂಗಸರು ಬರೆದಿಟ್ಟ ಪತ್ರಗಳು, ದಿನಚರಿಗಳು ಸಿಗುವುದು ತೀರಾ ಅಪರೂಪ. ಅವರ ಬಗ್ಗೆ ನಮಗೆ ತಿಳಿದಿರುವ ಎಷ್ಟೋ ಸಂಗತಿಗಳು ಆರ್ಥರ್ ಮನ್ಬಿ ಎಂಬ ಸರ್ಕಾರಿ ನೌಕರನಿಂದ ಬಂದವು. ದುಡಿಯುವ ಹೆಂಗಸರ ಬಗ್ಗೆ ಈತನಿಗೆ ವಿಚಿತ್ರ ಆಸಕ್ತಿ. ಊರೂರು ಅಲೆದು ಅವರೊಡನೆ ಮಾತಾಡಿ ಬರೆದಿಟ್ಟುಕೊಂಡ, ಫೋಟೋ ಕೂಡಿಹಾಕಿದ. ಕೊನೆಗೆ ಹ್ಯಾನಾ ಕಲ್ವಿಕ್ ಎಂಬ ಮನೆಗೆಲಸದವಳನ್ನು 1873ರಲ್ಲಿ ಗುಟ್ಟಾಗಿ ಮದುವೆಯೂ ಆದ. ಆತನ ಕಾಗದಪತ್ರಗಳು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿವೆ. ಬಡ ಹೆಂಗಸಿನ ಮಾತನ್ನು ಸಿರಿವಂತ ಗಂಡಸಿನ ದಿನಚರಿಯಲ್ಲಿ ಹುಡುಕಬೇಕಾದ ಸ್ಥಿತಿ ಇದು. ಅಲ್ಲಿ ಯಾವುದು ಆಕೆಯ ಮಾತು, ಯಾವುದು ಆತನ ಕಣ್ಣಿಗೆ ಕಂಡದ್ದು ಎಂದು ಬೇರ್ಪಡಿಸುವುದೇ ಇತಿಹಾಸಕಾರರ ಕೆಲಸ.

ಕುಲುಮೆಯ ಒಡತಿ

ಮುಂದೆ ಜಾನ್ ಅವರು ಒಬ್ಬೊಬ್ಬರ ಜೀವನಚರಿತ್ರೆಗೆ ಬಂದಾಗ ಪರಿಸ್ಥಿತಿ ತಿರುವುಮುರುವಾಯಿತು. ಇಲ್ಲಿ ಕಾಗದಗಳ ರಾಶಿಯೇ ಇತ್ತು. 1989ರಲ್ಲಿ ರೆವೆಲ್ ಗೆಸ್ಟ್ ಅವರ ಜೊತೆ ಸೇರಿ ಅವರು ಬರೆದದ್ದು ಲೇಡಿ ಷಾರ್ಲೆಟ್ ಗೆಸ್ಟ್ ಅವರ ಬದುಕನ್ನು. ರೆವೆಲ್ ಅದೇ ವಂಶದವರು.

ಷಾರ್ಲೆಟ್ 1812ರಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವರು. 21ನೆಯ ವಯಸ್ಸಿನಲ್ಲಿ ವೇಲ್ಸ್‌ನ ಡೌಲೈಸ್ ಕಬ್ಬಿಣ ಕಾರ್ಖಾನೆಯ ಒಡೆಯ ಜಾನ್ ಗೆಸ್ಟ್ ಅವರನ್ನು ಮದುವೆಯಾಗಿ ಹೊಗೆ ತುಂಬಿದ ಆ ಊರಿಗೆ ಬಂದರು. ಏಳು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದ ಡೌಲೈಸ್ ಆಗ ಲೋಕದ ಅತಿ ದೊಡ್ಡ ಕಬ್ಬಿಣ ಕಾರ್ಖಾನೆಗಳಲ್ಲಿ ಒಂದು. ಷಾರ್ಲೆಟ್ ಹದಿಮೂರು ವರ್ಷಗಳಲ್ಲಿ ಹತ್ತು ಮಕ್ಕಳನ್ನು ಹೆತ್ತರು. ಅದೇ ಅವಧಿಯಲ್ಲಿ ವೆಲ್ಷ್ ಕಲಿತರು, ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಂಡರು, ಮಧ್ಯಯುಗದ ವೆಲ್ಷ್ ಕಥೆಗಳನ್ನು ಇಂಗ್ಲಿಷಿಗೆ ತಂದರು. 1838ರಿಂದ ಕಂತುಕಂತಾಗಿ ಬಂದ ಆ ಅನುವಾದ 1849ರಲ್ಲಿ ಮೂರು ಸಂಪುಟಗಳಾಯಿತು. ‘ಮ್ಯಾಬಿನೋಗಿಯನ್’ ಎಂಬ ಹೆಸರು ಹೊರಜಗತ್ತಿಗೆ ಪರಿಚಯವಾದದ್ದು ಅದರಿಂದ.

ನಿಜವಾಗಿ ಕೆಲಸ ಮಾಡಿದವರು ಆಕೆಗೆ ನೆರವಾದ ವೆಲ್ಷ್ ಪಾದ್ರಿ ಪಂಡಿತರೇ ಇರಬೇಕು ಎಂದು ಅನುಮಾನಿಸಿದವರೂ ಇದ್ದರು. ಇದಕ್ಕೆ ಉತ್ತರ ಕೊಡುವುದು ಷಾರ್ಲೆಟ್ ಅವರ ದಿನಚರಿ. ಹತ್ತನೆಯ ವಯಸ್ಸಿನಿಂದ ಮುಪ್ಪಿನವರೆಗೂ ಆಕೆ ದಿನಚರಿ ಬರೆದರು. ಹೆರಿಗೆಯ ಹಿಂದುಮುಂದಿನ ದಿನಗಳಲ್ಲೂ ಅನುವಾದ ಮತ್ತು ಕರಡು ತಿದ್ದುವ ಕೆಲಸ ನಡೆದಿದ್ದುದು ಅದರಲ್ಲಿ ಕಾಣುತ್ತದೆ. ಆ ದಿನಚರಿ ಉಳಿಯದೆ ಹೋಗಿದ್ದರೆ ಅನುಮಾನವೇ ಇತಿಹಾಸವಾಗಿಬಿಡುತ್ತಿತ್ತೇನೋ.

1852ರಲ್ಲಿ ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯ ಆಡಳಿತ ಆಕೆಯ ಕೈಗೆ ಬಂತು. ಕಾರ್ಮಿಕರ ಮಕ್ಕಳಿಗಾಗಿ ಶಾಲೆ ನಡೆಸಿದ ಈಕೆ, 1853ರಲ್ಲಿ ಕೂಲಿ ಹೆಚ್ಚಳ ಕೇಳಿ ಅದೇ ಕಾರ್ಮಿಕರು ಮುಷ್ಕರ ಹೂಡಿದಾಗ ಒಡೆಯರ ಪಕ್ಷದಲ್ಲೇ ನಿಂತರು. 1855ರಲ್ಲಿ ಮಗನ ಪಾಠದ ಮೇಷ್ಟರನ್ನು ಮದುವೆಯಾಗಿ ತಮ್ಮ ವರ್ಗದವರನ್ನು ಚಕಿತಗೊಳಿಸಿದರು. ಆಮೇಲೆ ಯೂರೋಪಿನುದ್ದಕ್ಕೂ ಸುತ್ತಿ ಸಂಗ್ರಹಿಸಿದ ಪಿಂಗಾಣಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಾಧಕಿ ಎಂದು ಹೊಗಳಿ ಬಿಡುವುದಕ್ಕೂ ಧಣಿ ಎಂದು ತೆಗಳಿ ಬಿಡುವುದಕ್ಕೂ ಒಗ್ಗದ ಬದುಕು ಇದು. ಎರಡನ್ನೂ ಒಟ್ಟಿಗೆ ಹೇಳಲು ಜೀವನಚರಿತ್ರೆಯಲ್ಲಿ ಜಾಗವಿದೆ.

ಒಂದು ಸಂಸಾರ, ಮೂರು ಮಗ್ಗುಲು

ಜಾನ್ ಅವರ ಮುಂದಿನ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕುತೂಹಲದ ಸಂಗತಿಯೊಂದು ಹೊಳೆಯುತ್ತದೆ. ಅವುಗಳ ಪಾತ್ರಗಳು ಒಂದರಿಂದ ಇನ್ನೊಂದಕ್ಕೆ ದಾಟಿ ಬರುತ್ತವೆ.

1995ರಲ್ಲಿ ಅವರು ಬರೆದದ್ದು ಎಲಿಜಬೆತ್ ರಾಬಿನ್ಸ್ (1862-1952) ಅವರ ಚರಿತ್ರೆ. ಅಮೆರಿಕದಲ್ಲಿ ಹುಟ್ಟಿದ ಈ ನಟಿಯ ಗಂಡನೂ ನಟ. 1887ರಲ್ಲಿ ಆತ ನಾಟಕದ ಕವಚ ತೊಟ್ಟುಕೊಂಡೇ ಬಾಸ್ಟನ್ನಿನಲ್ಲಿ ನದಿಗೆ ಹಾರಿ ಪ್ರಾಣ ಬಿಟ್ಟ. ಮರುವರ್ಷ ಲಂಡನ್ನಿಗೆ ಬಂದ ರಾಬಿನ್ಸ್ 1891ರಲ್ಲಿ ಇಬ್ಸೆನ್ನನ ಹೆಡ್ಡಾ ಗ್ಯಾಬ್ಲರ್ ಪಾತ್ರವನ್ನು ಇಂಗ್ಲಿಷ್ ರಂಗಕ್ಕೆ ತಂದರು. 1907ರಲ್ಲಿ ಮಹಿಳೆಯರ ಮತದಾನದ ಹಕ್ಕನ್ನೇ ವಸ್ತುವಾಗಿಸಿ ನಾಟಕ ಬರೆದರು.

ಆ ಹೋರಾಟದಲ್ಲಿ ಗಂಡಸರ ಪಾಲೇನು ಎಂಬ ಬಗ್ಗೆ 1997ರಲ್ಲಿ ಕ್ಲೇರ್ ಯೂಸ್ಟನ್ಸ್ ಅವರೊಡನೆ ಸೇರಿ ಒಂದು ಸಂಗ್ರಹ ತಂದ ಜಾನ್, 2006ರಲ್ಲಿ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತನ ಜೀವನಚರಿತ್ರೆ ಬರೆದರು. ಭಾರತದವರಿಗೆ ಈತ ಅಪರಿಚಿತನಲ್ಲ. 1907ರ ಸೂರತ್ ಕಾಂಗ್ರೆಸ್ ಅಧಿವೇಶನದಲ್ಲಿ ಸೌಮ್ಯವಾದಿಗಳಿಗೂ ಉಗ್ರವಾದಿಗಳಿಗೂ ನಡೆದ ಜಟಾಪಟಿ, ವೇದಿಕೆಯತ್ತ ತೂರಿಬಂದ ಪಾದರಕ್ಷೆ ಇವನ್ನೆಲ್ಲ ಕಣ್ಣಾರೆ ಕಂಡು ಬರೆದವನು ಈತನೇ. ತಿಲಕ್, ಗೋಖಲೆ, ಅರವಿಂದರನ್ನು ಭೇಟಿ ಮಾಡಿದ ಆ ಪ್ರವಾಸದ ಫಲ 1908ರ ‘ದ ನ್ಯೂ ಸ್ಪಿರಿಟ್ ಇನ್ ಇಂಡಿಯಾ’ ಪುಸ್ತಕ. ಜೈಲಿನಲ್ಲಿ ಉಪವಾಸ ಕೂತ ಮಹಿಳಾ ಹೋರಾಟಗಾರರಿಗೆ ಬಲವಂತದಿಂದ ಆಹಾರ ತುರುಕುವುದನ್ನು ತನ್ನ ಪತ್ರಿಕೆಯವರು ಖಂಡಿಸಲಿಲ್ಲವೆಂದು 1909ರಲ್ಲಿ ಕೆಲಸಕ್ಕೇ ರಾಜೀನಾಮೆ ಕೊಟ್ಟವನು.

ಇಷ್ಟೆಲ್ಲ ನ್ಯಾಯಪರನಾದ ಈತನ ಮನೆಯೊಳಗಿನ ಕಥೆ ಬೇರೆ. ಹೆಂಡತಿ ಮಾರ್ಗರೆಟ್ ವಿನ್ ನೆವಿನ್ಸನ್ ಸ್ವತಃ ಹೋರಾಟಗಾರ್ತಿ, ಲೇಖಕಿ. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ವರ್ಕ್‌ಹೌಸ್ ಬಿಟ್ಟು ಹೊರಡುವಂತಿಲ್ಲ ಎಂಬ ಕಾನೂನನ್ನು ಬಯಲಿಗೆಳೆದ ‘ಇನ್ ದ ವರ್ಕ್‌ಹೌಸ್’ (1911) ನಾಟಕ ಆಕೆಯದು. ಗಂಡನ ಪ್ರೀತಿ ಮಾತ್ರ ವರ್ಷಗಳ ಕಾಲ ಎವೆಲಿನ್ ಷಾರ್ಪ್ ಎಂಬ ಇನ್ನೊಬ್ಬ ಹೋರಾಟಗಾರ್ತಿಯ ಮೇಲಿತ್ತು. ಮಾರ್ಗರೆಟ್ 1932ರಲ್ಲಿ ತೀರಿಕೊಂಡರು. ಮರುವರ್ಷ ನೆವಿನ್ಸನ್ ಮತ್ತು ಷಾರ್ಪ್ ಮದುವೆಯಾದಾಗ ಆತನಿಗೆ 76, ಆಕೆಗೆ 63 ವರ್ಷ.

ಷಾರ್ಪ್ ಅವರ ಜೀವನಚರಿತ್ರೆಯನ್ನು ಜಾನ್ 2009ರಲ್ಲಿ ಬರೆದರು. ಮಕ್ಕಳ ಕಥೆಗಳಿಂದ ಹೆಸರು ಮಾಡಿದ್ದ ಷಾರ್ಪ್ ಹೋರಾಟಕ್ಕಿಳಿದು ಜೈಲು ಕಂಡವರು. ಮತ ಕೊಡದ ಸರ್ಕಾರಕ್ಕೆ ತೆರಿಗೆ ಕೊಡುವುದಿಲ್ಲ ಎಂದು ಯುದ್ಧಕಾಲದಲ್ಲೂ ಹಠ ಹಿಡಿದಾಗ ಮನೆಯ ಸಾಮಾನುಗಳ ಜೊತೆ ಅನ್ನ ಕೊಡುವ ಬೆರಳಚ್ಚು ಯಂತ್ರವೂ ಜಪ್ತಿಯಾಯಿತು. 2018ರ ‘ರಾಕಿಂಗ್ ದ ಬೋಟ್’ ಸಂಗ್ರಹದಲ್ಲಿ ಮಾರ್ಗರೆಟ್ ಅವರಿಗೂ ಒಂದು ಅಧ್ಯಾಯ ಸಿಕ್ಕಿತು. ಹೀಗೆ ಒಂದೇ ಸಂಸಾರದ ಕಥೆಯನ್ನು ಗಂಡ, ಪ್ರೇಯಸಿ, ಹೆಂಡತಿ ಮೂವರ ಕಡೆಯಿಂದಲೂ ಬೇರೆ ಬೇರೆಯಾಗಿ ಕಂಡಂತಾಯಿತು. ಒಬ್ಬರ ದಿನಚರಿಯನ್ನಷ್ಟೇ ನಂಬಿದರೆ ಇನ್ನಿಬ್ಬರಿಗೆ ಅನ್ಯಾಯವಾಗುವ ಸಂಭವ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಂಚೆ ಪೆಟ್ಟಿಗೆಗೆ ಬೆಂಕಿ

ವೇಲ್ಸ್ ಓದುಗರು ಹೆಚ್ಚು ಮಾತಾಡಿಕೊಂಡ ಪುಸ್ತಕವೆಂದರೆ 2013ರ ‘ಟರ್ನಿಂಗ್ ದ ಟೈಡ್’. ಇದು ಲೇಡಿ ರೋಂಡಾ ಎಂದು ಹೆಸರಾದ ಮಾರ್ಗರೆಟ್ ಹೇಗ್ ಥಾಮಸ್ (1883-1958) ಅವರ ಚರಿತ್ರೆ. ತಂದೆ ಡಿ.ಎ. ಥಾಮಸ್ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ದೊರೆ. 1910ರಲ್ಲಿ ಟೋನಿಪ್ಯಾಂಡಿ ಗಲಭೆಗೆ ಎಡೆಕೊಟ್ಟ ಮುಷ್ಕರ ನಡೆದದ್ದು ಅವರ ಗಣಿಗಳಲ್ಲೇ. ಗಣಿಬಾಯಿಯ ಕೂಲಿ ಹೆಂಗಸರಿಂದ ಶುರುಮಾಡಿದ ಜಾನ್, ಹೀಗೆ ಗಣಿ ಒಡೆಯನ ಮಗಳ ಬಳಿ ಬಂದು ನಿಂತರು.

1913ರಲ್ಲಿ ಮಾರ್ಗರೆಟ್ ನ್ಯೂಪೋರ್ಟ್ ಊರಿನ ಅಂಚೆ ಪೆಟ್ಟಿಗೆಯೊಂದಕ್ಕೆ ಬೆಂಕಿ ಹಚ್ಚಲು ಹೋಗಿ ಸಿಕ್ಕಿಬಿದ್ದರು. ದಂಡ ಕಟ್ಟಲು ಒಪ್ಪದೆ ಅಸ್ಕ್ ಜೈಲಿಗೆ ಹೋದರು, ಉಪವಾಸ ಹೂಡಿ ಕೆಲವೇ ದಿನಗಳಲ್ಲಿ ಬಿಡುಗಡೆಯಾದರು. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ‘ಲುಸಿಟಾನಿಯಾ’ ಹಡಗು ಮುಳುಗಿದಾಗ ತಂದೆಯೊಡನೆ ಅದರಲ್ಲಿದ್ದರು. ಗಂಟೆಗಟ್ಟಲೆ ನೀರಿನಲ್ಲಿ ತೇಲಿ, ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಪಾರಾದರು. ತಂದೆಯೂ ಬದುಕಿ ಉಳಿದರು.

1918ರಲ್ಲಿ ತಂದೆ ತೀರಿಕೊಂಡಾಗ ವಿಶೇಷ ಅನುಮತಿಯಂತೆ ಅವರ ಬಿರುದು ಮಗಳಿಗೆ ಬಂತು. ಬಿರುದಿನ ಜೊತೆ ಹೌಸ್ ಆಫ್ ಲಾರ್ಡ್ಸ್‌ನ ಸ್ಥಾನವೂ ಬರಬೇಕೆಂದು ಆಕೆ ವಾದ ಹೂಡಿದರು. 1922ರಲ್ಲಿ ಸಂಬಂಧಪಟ್ಟ ಸಮಿತಿ ಮೊದಲು ಒಪ್ಪಿತು. ಆಮೇಲೆ ಲಾರ್ಡ್ ಬರ್ಕನ್‌ಹೆಡ್ ಅವರ ಪಟ್ಟಿನಿಂದ ಸಮಿತಿಯನ್ನು ಹಿಗ್ಗಿಸಿ ಮತ್ತೆ ವಿಚಾರಣೆ ನಡೆಸಿ ತಿರಸ್ಕರಿಸಲಾಯಿತು. ಆ ಸದನದಲ್ಲಿ ಮೊದಲ ಮಹಿಳೆಯರು ಕುಳಿತದ್ದು 1958ರ ಅಕ್ಟೋಬರಿನಲ್ಲಿ. ಲೇಡಿ ರೋಂಡಾ ಅದೇ ಜುಲೈನಲ್ಲಿ ತೀರಿಕೊಂಡಿದ್ದರು. ವಂಶಪಾರಂಪರ್ಯ ಬಿರುದಿನ ಮಹಿಳೆಯರಿಗೆ ಬಾಗಿಲು ತೆರೆಯಲು 1963ರವರೆಗೆ ಕಾಯಬೇಕಾಯಿತು.

1920ರಲ್ಲಿ ಅವರು ಆರಂಭಿಸಿದ ‘ಟೈಮ್ ಅಂಡ್ ಟೈಡ್’ ವಾರಪತ್ರಿಕೆಗೆ ಬರ್ನಾರ್ಡ್ ಷಾ, ವರ್ಜೀನಿಯಾ ವುಲ್ಫ್, ರೆಬೆಕಾ ವೆಸ್ಟ್ ಬರೆಯುತ್ತಿದ್ದರು. ಪತ್ರಿಕೆ ನಡೆಸಲು ತಮ್ಮ ಆಸ್ತಿಯ ದೊಡ್ಡ ಭಾಗವನ್ನೇ ಸುರಿದರು. 1926ರಲ್ಲಿ ಕಂಪನಿ ನಿರ್ದೇಶಕರ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷರಾದರು. ಇಷ್ಟಾದರೂ ಅವರ ಹೆಸರು ಲಂಡನ್ನಿನಲ್ಲೂ ವೇಲ್ಸ್‌ನಲ್ಲೂ ಮಸುಕಾಯಿತು. ಕಾರ್ಮಿಕರ ಹೋರಾಟವೇ ಮುಖ್ಯವಾದ ವೇಲ್ಸ್ ಚರಿತ್ರೆಗೆ ಗಣಿ ಒಡೆಯನ ಮಗಳು ಒಗ್ಗಲಿಲ್ಲ. ಗಂಡಸರೇ ತುಂಬಿದ್ದ ವ್ಯಾಪಾರ ಜಗತ್ತಿನ ಚರಿತ್ರೆಗೆ ಹೋರಾಟಗಾರ್ತಿಯೂ ಒಗ್ಗಲಿಲ್ಲ.

ಭಾರತಕ್ಕೆ ವೈದ್ಯೆಯರು ಬೇಕು

‘ರಾಕಿಂಗ್ ದ ಬೋಟ್’ನಲ್ಲಿ ಬರುವ ಡಾ. ಫ್ರಾನ್ಸಿಸ್ ಹಾಗನ್ ನಮ್ಮ ದೇಶಕ್ಕೂ ಸಂಬಂಧಪಟ್ಟವರು. 1843ರಲ್ಲಿ ಬ್ರೆಕನ್ ಊರಿನಲ್ಲಿ ಹುಟ್ಟಿದ ಅವರು ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ವೈದ್ಯ ಪದವಿ ಕೊಡದಿದ್ದ ಕಾಲದಲ್ಲಿ ಜ್ಯೂರಿಕ್‌ಗೆ ಹೋಗಿ 1870ರಲ್ಲಿ ಎಂ.ಡಿ. ಪಡೆದರು. ಭಾರತದ ಹೆಂಗಸರಿಗೆ ಚಿಕಿತ್ಸೆ ನೀಡಲು ಮಹಿಳಾ ವೈದ್ಯರದ್ದೇ ಪ್ರತ್ಯೇಕ ವ್ಯವಸ್ಥೆ ಬೇಕೆಂದು 1882ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಲೇಖನ ಬರೆದು ವಾದಿಸಿದರು. ಇಂಥ ಚರ್ಚೆಗಳು ನಡೆದ ಮೇಲೆ, 1885ರಲ್ಲಿ, ನಮ್ಮಲ್ಲಿ ಡಫರಿನ್ ನಿಧಿ ಆರಂಭವಾಯಿತು. ವೇಲ್ಸ್‌ನ ವಿದ್ವತ್ ಸಂಸ್ಥೆ 2016ರಿಂದ ಹಾಗನ್ ಹೆಸರಿನಲ್ಲಿ ವಿಜ್ಞಾನ ಕ್ಷೇತ್ರದ ಮಹಿಳೆಯರಿಗೆ ಪದಕ ಕೊಡುತ್ತಿದೆ.

ಒಂದು ಇಡೀ ಪುಸ್ತಕಕ್ಕೆ ಸಾಲುವಷ್ಟು ಕಾಗದ ಎಲ್ಲರಿಂದಲೂ ಉಳಿದಿರುವುದಿಲ್ಲ. ಅಂಥವರಿಗೆ ಒಂದೊಂದು ಅಧ್ಯಾಯ ಮೀಸಲಿಡುವುದು ಒಳ್ಳೆಯ ದಾರಿ. ಮರೆತ ಲೇಖಕಿಯರ ಪುಸ್ತಕಗಳನ್ನು ಮರುಮುದ್ರಿಸುವುದು ಇನ್ನೊಂದು. 1986ರಲ್ಲಿ ಸ್ಥಾಪನೆಯಾದ ‘ಹೊನ್ನೊ’ ಎಂಬ ವೇಲ್ಸ್ ಮಹಿಳಾ ಪ್ರಕಾಶನ ಈ ಕೆಲಸ ಮಾಡುತ್ತ ಬಂದಿದೆ. ಗಣಿ ಊರಿನ ಕಾದಂಬರಿಗಾರ್ತಿ ಮೆನಾ ಗ್ಯಾಲಿ ಮತ್ತೆ ಓದುಗರ ಕೈಗೆ ಸಿಕ್ಕಿದ್ದು ಹೀಗೆ.

ಈ ಎಲ್ಲ ದುಡಿಮೆಯ ಫಲ ಈಗ ಬೀದಿಯಲ್ಲೂ ಕಾಣುತ್ತಿದೆ. 2021ರವರೆಗೆ ವೇಲ್ಸ್‌ನಲ್ಲಿ ಚರಿತ್ರೆಯ ನಿಜವಾದ ಮಹಿಳೆಯೊಬ್ಬಳ ಪ್ರತಿಮೆ ಬಯಲಿನಲ್ಲಿ ನಿಂತದ್ದೇ ಇರಲಿಲ್ಲ ಎಂದು ಪ್ರಚಾರಾಂದೋಲನ ನಡೆಸಿದವರು ಹೇಳುತ್ತಿದ್ದರು. ಆ ವರ್ಷ ಅಲ್ಲಿನ ಮೊದಲ ಕಪ್ಪು ಮುಖ್ಯೋಪಾಧ್ಯಾಯಿನಿ ಬೆಟಿ ಕ್ಯಾಂಪ್‌ಬೆಲ್ ಅವರ ಪ್ರತಿಮೆ ಕಾರ್ಡಿಫ್‌ನಲ್ಲಿ ಸ್ಥಾಪನೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಲೇಡಿ ರೋಂಡಾ ಅವರ ಪ್ರತಿಮೆ ಅದೇ ನ್ಯೂಪೋರ್ಟಿನಲ್ಲಿ ಅನಾವರಣಗೊಂಡಿತು. ಅಂಚೆ ಪೆಟ್ಟಿಗೆಗೆ ಬೆಂಕಿ ಹಚ್ಚಲು ಹೋದವರನ್ನು ಆ ಊರು ಗೌರವಿಸಲು 111 ವರ್ಷ ಹಿಡಿಯಿತು.

ವಿಗನ್ನಿನ ಗಣಿಬಾಯಿಯ ಹೆಂಗಸರಲ್ಲಿ ಬಹಳ ಮಂದಿಗೆ ಇಂಥ ಪುಸ್ತಕ ಬರುವ ಸಾಧ್ಯತೆ ಕಡಿಮೆ. ಅವರು ದಿನಚರಿ ಬರೆಯಲಿಲ್ಲ, ಪತ್ರಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಡಲಿಲ್ಲ. ಜೀವನಚರಿತ್ರೆ ಎಂಬ ಪ್ರಕಾರ ಓದುಬರಹ, ಬಿಡುವು, ಸ್ವಂತ ಕೋಣೆ ಇದ್ದವರ ಕಡೆಗೇ ವಾಲುತ್ತದೆ. ಆದ್ದರಿಂದ ಜಾನ್ ಅವರ ಜೀವನಚರಿತ್ರೆಗಳನ್ನು ಓದುವವರು ಅವರ 1980ರ ಮೊದಲ ಪುಸ್ತಕವನ್ನೂ ಜೊತೆಗಿಟ್ಟುಕೊಂಡು ಓದುವುದು ಒಳ್ಳೆಯದು. ಲೇಡಿ ರೋಂಡಾ ಅವರ ವಾರಪತ್ರಿಕೆಗೆ ಹಣ ಬಂದದ್ದು ಕಲ್ಲಿದ್ದಲಿನಿಂದ. ಕಲ್ಲಿದ್ದಲಿನ ಹಿಂದೆ ಹೆಸರಿಲ್ಲದ ಎಷ್ಟೋ ಕೈಗಳ ದುಡಿಮೆಯಿತ್ತು. ತಾಯಂದಿರ ನಾಡಿನ ಚರಿತ್ರೆಯಲ್ಲಿ ಅವರಿಗೂ ಪಾಲಿದೆ.